ಪೆಟ್ಟಿಗೆಯ ಮೇಲಿನ ಟವಲು

ದಿನಕ್ಕೊಂದು ಸಲವಾದರೂ ನನ್ನ ಫೋನಿಗೆ ಒಂದೇ ಸಂದೇಶ ಬರುತ್ತದೆ: "ಮೋಟಾರ್ ಚಾಲೂ ಆಗಿದೆ." ಕಳಿಸುವುದು ಮನುಷ್ಯರಲ್ಲ. ಮಾಗಳದ ಹತ್ತಿರ, ತುಂಗಭದ್ರೆಯ ದಂಡೆಯ ಮೇಲೆ, ನನ್ನ ತಮ್ಮನ ಮಲ್ಲಿಗೆ ತೋಟದ ಅಂಚಿಗೆ ನಿಂತಿರುವ ಒಂದು ತಗಡಿನ ಪೆಟ್ಟಿಗೆ. ಅದರೊಳಗೊಂದು ಸಿಮ್ ಇದೆ. ಪಂಪ್‌ಸೆಟ್ಟಿನ ಲೈನಿಗೆ ಕರೆಂಟ್ ಬಂದ ಕೂಡಲೇ ಪೆಟ್ಟಿಗೆ ತಾನೇ ಮೋಟಾರು ಹಚ್ಚಿ, ತಮ್ಮನಿಗೂ ನನಗೂ ಸುದ್ದಿ ಕಳಿಸುತ್ತದೆ. ಆಗ ನಾನು ಎಲ್ಲೇ ಇರಲಿ, ಆಫೀಸಿನ ಮೀಟಿಂಗಿನಲ್ಲಿರಲಿ, ಒಲೆಯ ಮುಂದಿರಲಿ, ಮೊದಲು ತಮ್ಮನಿಗೆ ಫೋನ್ ಹಚ್ಚುತ್ತೇನೆ. "ಎಲ್ಲಿ ಅದೀಯಲೇ?" ಅಂದರೆ, "ಮನ್ಯಾಗ ಅದೀನಿ ಅಕ್ಕಾ, ಚಾ ಕುಡಿಯಾಕ ಹತ್ತೀನಿ" ಅನ್ನುತ್ತಾನೆ. ಆಮೇಲೆ ನನ್ನ ಚಹಾ ನನಗೆ ರುಚಿಸುತ್ತದೆ. ಅವನು ಫೋನ್ ಎತ್ತದಿದ್ದರೆ ನೀರಿನಲ್ಲಿದ್ದಾನೆ ಅಂತಲೇ ನನ್ನ ಲೆಕ್ಕ.

ಅಷ್ಟಕ್ಕೆ ಯಾಕೆ ಹೆದರಬೇಕು ಅಂತ ಕೇಳುವವರು ಆ ಜಾಗ ನೋಡಿಲ್ಲ. ನಮ್ಮ ಮೋಟಾರು ದಂಡೆಯ ಮೇಲಿಲ್ಲ, ಹೊಳೆಯ ನೀರೊಳಗೇ ಮುಳುಗಿ ಕೂತಿದೆ. ಅದರ ಸುತ್ತ ಒಂದು ಕಬ್ಬಿಣದ ಜಾಳಿಗೆ. ತೇಲಿ ಬರುವ ಪಾಚಿ, ಹುಲ್ಲು, ಹರಿದ ಸೀರೆ ತುಂಡು, ಪ್ಲಾಸ್ಟಿಕ್ ಚೀಲ ಎಲ್ಲವೂ ಆ ಜಾಳಿಗೆಗೇ ಅಂಟಿಕೊಳ್ಳುತ್ತವೆ. ಆಗ ಮೋಟಾರು ನೀರೆಳೆಯುವುದಿಲ್ಲ. ನನ್ನ ತಮ್ಮ ಎದೆಮಟ್ಟದ ನೀರಿಗಿಳಿದು, ಉಸಿರು ಹಿಡಿದು ಮುಳುಗಿ, ಎರಡೂ ಕೈಯಿಂದ ಅದನ್ನು ಬಳಿದು ತೆಗೆಯಬೇಕು. ಆ ಮೋಟಾರಿನ ಕರೆಂಟ್ ವೈರಿಗೆ ಎಲ್ಲೆಲ್ಲಿ ಟೇಪು ಸುತ್ತಿದೆ ಅಂತ ನನಗೆ ಗೊತ್ತು. ಅವನು ಒಳಗಿದ್ದಾಗ ಕರೆಂಟ್ ಬಂದು ಪೆಟ್ಟಿಗೆ ತನ್ನಷ್ಟಕ್ಕೆ ತಾನು ಮೋಟಾರು ಹಚ್ಚಿತೆಂದರೆ ನನ್ನ ತಮ್ಮ ಉಳಿಯುವುದಿಲ್ಲ. ಬಾಯಿಬಿಟ್ಟು ಆಡಬಾರದ ಮಾತು, ಆಡಿದ್ದೇನೆ.

ನಾನು ಕರೆಂಟಿನ ಆಫೀಸಿನಲ್ಲಿ ಎಂಜಿನಿಯರ್. ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿ ಸುತ್ತಿ ಈಗ ಹಗರಿಬೊಮ್ಮನಹಳ್ಳಿಗೆ ಬಂದಿದ್ದೇನೆ. ನಮ್ಮ ಮನೆತನದಲ್ಲಿ ತಿಂಗಳ ಸಂಬಳ ಕಂಡ ಮೊದಲನೆಯವಳು. ನನ್ನ ಗಂಡ ಮೇಷ್ಟ್ರು. "ಕರೆಂಟಿಗೆ ಇಷ್ಟು ಅಂಜಾಕಿ ಆ ಆಫೀಸಿನ್ಯಾಗ ಹೆಂಗ ನೌಕರಿ ಮಾಡ್ತೀಯೇ?" ಅಂತ ಅವರು ಕಾಡಿಸುತ್ತಾರೆ. ಅಂಜುವುದರಿಂದಲೇ ಮಾಡುತ್ತಿದ್ದೇನೆ ಅಂತ ನನ್ನ ಉತ್ತರ. ಕರೆಂಟಿಗೆ ಅಂಜದವರನ್ನೂ ಈ ಕೆಲಸದಲ್ಲಿ ನೋಡಿದ್ದೇನೆ, ಅವರ ಮನೆಗಳಿಗೆ ಹೋಗಿ ಅವರ ಹೆಂಡಂದಿರ ಮುಂದೆ ನೆಲದ ಮೇಲೆ ಕೂತು ಬಂದಿದ್ದೇನೆ.

ಹಾಗಂತ ನಾನು ಯಂತ್ರ ಬೇಡ ಅನ್ನುವ ಪೈಕಿಯವಳಲ್ಲ. ಮದುವೆಮನೆ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತು, ಫ್ಯಾನಿನ ಕೆಳಗೆ ಹೋಳಿಗೆ ತಿನ್ನುತ್ತಾ, "ವಿಜ್ಞಾನ ಬಂದು ಎಲ್ಲಾ ಹಾಳಾತು ನೋಡ್ರಿ" ಅನ್ನುವವರನ್ನು ಕಂಡರೆ ನನಗೆ ಮೈಯೆಲ್ಲಾ ಉರಿಯುತ್ತದೆ. ಮೊದಲು ಆ ಫ್ಯಾನ್ ಬಂದ್ ಮಾಡಿ ಆಮೇಲೆ ಮಾತಾಡಿ ಅಂತ ಒಮ್ಮೆ ಅಂದೇಬಿಟ್ಟೆ. ನಮ್ಮವ್ವ ಹೊಳೆಯಿಂದ ಕೊಡ ಹೊತ್ತು ಮಲ್ಲಿಗೆ ಬುಡಕ್ಕೆ ನೀರು ಹಾಕಿದವಳು. ಸಿಂಬಿ ಇಡುತ್ತಿದ್ದ ಜಾಗದಲ್ಲಿ ಅವಳ ನೆತ್ತಿಯ ಕೂದಲು ಸವೆದುಹೋಗಿತ್ತು. ಮೊದಲ ಸಲ ಮೋಟಾರು ನೀರು ಕಾರಿದಾಗ ಆಕೆ ಪೈಪಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ ಅತ್ತಿದ್ದಳು. ಅದನ್ನು ನೋಡಿದ ನನಗೆ ಹಳೆಯ ಕಾಲದ ಸುಖದ ಕತೆ ಯಾರೂ ಹೇಳಬೇಕಾಗಿಲ್ಲ.

ನನ್ನ ಭಯ ಬೇರೆ. ಯಂತ್ರ ಕೆಟ್ಟರೆ ನನಗೆ ಹೆದರಿಕೆಯಿಲ್ಲ, ರಿಪೇರಿ ಮಾಡಬಹುದು. ಅದು ಒಂದು ಚೂರೂ ಕೆಡದೆ, ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಾ ಹೋಗುತ್ತದಲ್ಲ, ಅದಕ್ಕೆ ಹೆದರಿಕೆ. ಯಾಕೆಂದರೆ ಅದು ಕೆಲಸ ಶುರು ಮಾಡಿದ ಮೇಲೆ ಆ ಜಾಗದಲ್ಲಿ ನಿಂತಿರುತ್ತಿದ್ದ ಮನುಷ್ಯ ಮನೆಗೆ ಹೋಗುತ್ತಾನೆ. ಅವನು ಗುಂಡಿ ಒತ್ತುವುದರ ಜೊತೆಗೆ ಇನ್ನೂ ಏನೇನು ಮಾಡುತ್ತಿದ್ದ ಅಂತ ಯಾರೂ ಕೇಳಿರುವುದಿಲ್ಲ.

ನಮ್ಮ ದಂಡೆಯಲ್ಲಿ ಅವನು ಏನು ಮಾಡುತ್ತಿದ್ದ ಅಂತ ನಾನು ಹೇಳುತ್ತೇನೆ. ಕೈಯಿಂದ ಗುಂಡಿ ಒತ್ತಿ ಮೋಟಾರು ಹಚ್ಚುವ ಕಾಲದಲ್ಲಿ ಕರೆಂಟ್ ಯಾವಾಗ ಬರುತ್ತದೋ ಗೊತ್ತಿರುತ್ತಿರಲಿಲ್ಲ. ಬಂದಾಗ ಎಲ್ಲರೂ ದಂಡೆಯಲ್ಲಿ ಇರುತ್ತಲೂ ಇರಲಿಲ್ಲ. ಹಾಗಾಗಿ ಯಾರು ಅಲ್ಲಿದ್ದರೋ ಅವರು ತಮ್ಮ ಮೋಟಾರಿನ ಜೊತೆಗೆ ಅಕ್ಕಪಕ್ಕದವರ ಮೋಟಾರುಗಳನ್ನೂ ಹಚ್ಚಿಕೊಂಡು ಹೋಗುವುದು ರೂಢಿ. ಮಾತು ಬಿಟ್ಟವರು ಕೂಡ ಮೋಟಾರು ಹಚ್ಚುವುದು ಬಿಡುತ್ತಿರಲಿಲ್ಲ. ಈ ಉಪಕಾರದಲ್ಲೇ ಅಪಾಯವೂ ಇತ್ತಲ್ಲ, ಒಬ್ಬ ನೀರೊಳಗಿದ್ದಾಗ ಇನ್ನೊಬ್ಬ ಪುಣ್ಯ ಕಟ್ಟಿಕೊಳ್ಳಲು ಹೋಗಿ ಗುಂಡಿ ಒತ್ತಿದರೆ? ಅದಕ್ಕೇ ಟವಲು. ನೀರಿಗಿಳಿಯುವವನು ಹೆಗಲ ಮೇಲಿನ ಟವಲು ತೆಗೆದು ಸ್ಟಾರ್ಟರ್ ಪೆಟ್ಟಿಗೆಯ ಮೇಲೆ ಹಾಕಿ ಇಳಿಯುತ್ತಿದ್ದ. ಮೇಲೆ ಬಂದು, ಅದೇ ಟವಲಿನಿಂದ ಮೈ ಒರೆಸಿಕೊಳ್ಳುತ್ತಿದ್ದ. ಟವಲು ಕಂಡರೆ ಯಾರೂ ಆ ಪೆಟ್ಟಿಗೆ ಮುಟ್ಟುತ್ತಿರಲಿಲ್ಲ. ಇದನ್ನು ಯಾರೂ ಯಾರಿಗೂ ಕಲಿಸಿದ್ದಲ್ಲ, ನಮಗೆಲ್ಲ ಹುಟ್ಟಿನಿಂದ ಗೊತ್ತು.

ನಮ್ಮ ಆಫೀಸಿನಲ್ಲೂ ಇಂಥದ್ದೇ ಒಂದು ಇದೆ. ಲೈನಿನ ಮೇಲೆ ಕೆಲಸಕ್ಕೆ ಹೋಗುವವನು ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ, ತನ್ನ ಹೆಸರು ಹೇಳಿ, ಕರೆಂಟ್ ತೆಗೆಸಬೇಕು. ಕೆಲಸ ಮುಗಿದ ಮೇಲೆ ಅವನೇ ಕೆಳಗಿಳಿದು, ಅವನ ಬಾಯಿಂದಲೇ "ಇಳಿದೆ" ಅನ್ನುವವರೆಗೂ ಲೈನಿಗೆ ಕರೆಂಟ್ ಹಾಕುವಂತಿಲ್ಲ. ಎಲ್‌ಸಿ, ಅಂದರೆ ಲೈನ್ ಕ್ಲಿಯರ್, ತಗೊಳ್ಳುವುದು ಅನ್ನುತ್ತೇವೆ ಇದಕ್ಕೆ. ತಗೊಂಡವನೇ ವಾಪಸ್ ಕೊಡಬೇಕು, ಅವನ ಪರವಾಗಿ ದೇವರು ಬಂದು ಹೇಳಿದರೂ ನಡೆಯುವುದಿಲ್ಲ.

ಸಿಮ್ ಇರುವ ಈ ಪೆಟ್ಟಿಗೆಯನ್ನು ತಮ್ಮ ಹಾಕಿಸಿದ್ದು ನನಗೆ ಹೇಳದೆ. ಹೇಳಿದರೆ ಬೈಯುತ್ತೇನೆ ಅಂತ ಗೊತ್ತು. ಹಾಕಿಸಿದ ಮೇಲೆ ತೋರಿಸಿದ. ನಿಜ ಹೇಳಬೇಕೆಂದರೆ ನಾನು ಬೆರಗಾದೆ. ವೋಲ್ಟೇಜು ಏರಿದ್ದು, ಇಳಿದದ್ದು, ಒಂದು ಫೇಸ್ ಹೋಗಿದ್ದು, ನೀರಿಲ್ಲದೆ ಮೋಟಾರು ಬರಿದೇ ತಿರುಗುತ್ತಿರುವುದು ಎಲ್ಲವೂ ಅದಕ್ಕೆ ಗೊತ್ತಾಗುತ್ತದೆ. ಮಾಡಿದವರ ಕೈಗೆ ಬಂಗಾರದ ಬಳೆ ತೊಡಿಸಬೇಕು. ಮೋಟಾರಿನ ಬಗ್ಗೆ ಅದಕ್ಕೆ ಗೊತ್ತಿಲ್ಲದ್ದು ಯಾವುದೂ ಇಲ್ಲ, ಮೋಟಾರಿನ ಪಕ್ಕದಲ್ಲಿ ಮುಳುಗಿರುವ ಮನುಷ್ಯನ ಬಗ್ಗೆ ಗೊತ್ತಿರುವುದೂ ಯಾವುದೂ ಇಲ್ಲ. "ನಿನ್ನ ನಂಬರೂ ಹಾಕ್ಸೀನಿ ಅಕ್ಕಾ, ನಿನಗೂ ಮೆಸೇಜ್ ಬರ್ತೈತಿ, ಖುಷಿ ಪಡು" ಅಂದ. ಎಂಥ ಖುಷಿ ಹಚ್ಚಿದ ಮಹರಾಯ!

ಒಂದೆರಡು ಬೇಸಿಗೆಯಲ್ಲಿ ದಂಡೆಯವರೆಲ್ಲ ಅದನ್ನೇ ಹಾಕಿಸಿಕೊಂಡರು. ಈಗ ಕರೆಂಟ್ ಬಂದಾಗ ದಂಡೆಯಲ್ಲಿ ಯಾರೂ ಇರುವುದಿಲ್ಲ, ಮೋಟಾರುಗಳೆಲ್ಲ ತಾವೇ ಗುಂಯ್ ಅನ್ನುತ್ತವೆ.

ಹೋದ ಬೇಸಿಗೆಯ ಒಂದು ಮಧ್ಯಾಹ್ನದ ಮಾತು. ತಮ್ಮನ ಕಡೆಯ ಲೈನಿಗೆ ಸಂಜೆ ಮೋಟಾರು ಓಡುವ ಮೂರು ಫೇಸ್ ಕರೆಂಟ್ ಕೊಡುವ ಪಾಳಿ. ಅವತ್ತು ಏನೋ ದುರಸ್ತಿಯಿಂದ ಪಾಳಿ ಅದಲುಬದಲಾಗಿ, ಮಧ್ಯಾಹ್ನಕ್ಕೇ ಕೊಡುತ್ತಾರೆ ಅಂತ ಆಫೀಸಿನ ವಾಟ್ಸಾಪ್ ಗುಂಪಿನಲ್ಲಿ ಬಂತು. ಊಟದ ಡಬ್ಬಿ ಬಿಚ್ಚಿದ್ದವಳು ಹಾಗೇ ಮುಚ್ಚಿ ತಮ್ಮನಿಗೆ ಫೋನ್ ಮಾಡಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದೆ, ಎತ್ತಲಿಲ್ಲ. ಅವನ ಹೆಂಡತಿಗೆ ಮಾಡಿದೆ. ಅವಳು ಹೂ ಕೊಟ್ಟು ಬರಲು ಹಡಗಲಿಗೆ ಹೋದವಳು ಬಸ್ಸಿಗೆ ಕಾಯುತ್ತಿದ್ದಳು.

"ಜಾಳಿಗಿ ಕಟ್ಟೈತಿ, ನೀರ ಬರವಲ್ದು ಅಂತ ಹೊಳಿ ಕಡಿ ಹೋಗ್ಯಾರ್ರಿ ಅಕ್ಕಾರ. ಯಾಕ್ರಿ?"

ಯಾಕೆ ಅಂತ ಅವಳಿಗೆ ಹೇಳಲಿಲ್ಲ. ಹೇಳಿ ಬಸ್‌ಸ್ಟ್ಯಾಂಡಿನಲ್ಲಿ ಅವಳನ್ನು ಅಳಲು ಕೂಡಿಸುವುದೇ? ಪಕ್ಕದ ತೋಟದ ಮುದುಕರಿಗೆ ಮಾಡಿದೆ. ಅವರನ್ನು ನಾವು ಕಾಕಾ ಅನ್ನುತ್ತೇವೆ, ಅವರ ಬದುವಿನ ಮೇಲೆ ನಿಂತರೆ ನಮ್ಮ ಪೆಟ್ಟಿಗೆ ಕಾಣುತ್ತದೆ.

"ಕಾಕಾ, ನಮ್ಮ ಪೆಟ್ಟಿಗಿ ಮ್ಯಾಲೆ ಟವಲ್ ಐತೇನು ನೋಡ್ರಿ."

"ಐತಿ ನೋಡವ್ವ. ಕೆಂಪಂದು."

"ಅಂವ ಕಾಣ್ತಾನೇನ್ರಿ?"

"ಅಂವ ಕಾಣವಲ್ಲ."

"ಲಗೂನ ಹೋಗ್ರಿ ಕಾಕಾ. ಕರೆಂಟ್ ಬರಾಕ ಹತ್ತೈತಿ. ಹೋಗಿ ಫ್ಯೂಸ್ ಕೀಳ್ರಿ."

"ಹೊಂಟೆ. ನನ್ನ ಮೊಣಕಾಲು ನಿನಗ ಗೊತ್ತಲ್ಲವ್ವ, ತಡ ಆಕ್ಕೈತಿ."

ಆ ಮೊಣಕಾಲು ನನಗೆ ಗೊತ್ತಿತ್ತು. ಸಬ್‌ಸ್ಟೇಷನ್ನಿಗೆ ಫೋನ್ ಮಾಡಿದೆ. ಅಲ್ಲಿನ ಆಪರೇಟರು ಮೊದಲು ಕೊಟ್ಟೂರಿನಲ್ಲಿ ನನ್ನ ಕೈಕೆಳಗೆ ಇದ್ದವರು, ಹುಟ್ಟಿದ್ದು ಹೊಳೆದಂಡೆಯ ಒಂದು ಊರಿನಲ್ಲಿ.

"ಈಗ ಹಾಕಾಕ ಹೊಂಟೀನ್ರಿ ಮೇಡಂ," ಅಂದರು.

"ಹಾಕಬ್ಯಾಡ್ರಿ. ತಡೀರಿ."

"ಯಾಕ್ರಿ? ಎಲ್‌ಸಿ ಯಾರ ಹೆಸರಿಲೆ ಐತ್ರಿ?"

ಯಾರ ಹೆಸರಲ್ಲೂ ಇರಲಿಲ್ಲ. ಒಬ್ಬರ ಮನೆಯ ಭಯಕ್ಕೆ ಇಡೀ ಲೈನು ತಡೆಯುವ ಅಧಿಕಾರ ಆ ಆಪರೇಟರಿಗಿಲ್ಲ, ಅದು ನನ್ನ ವ್ಯಾಪ್ತಿಯ ಲೈನೂ ಅಲ್ಲ. ಆ ಲೈನಿನ ಕೊನೆಯವರೆಗೂ ಜನ ನೀರಿಗೆ ಕಾಯುತ್ತಿದ್ದರು. ಬಿಸಿಲಿಗೆ ಮೊಗ್ಗು ಬಾಡುವ ಹೊತ್ತು. ಇದೆಲ್ಲ ಗೊತ್ತಿದ್ದೂ ನನ್ನ ಬಾಯಿಂದ ಬಂದದ್ದು ಇಷ್ಟೇ: "ನನ್ನ ತಮ್ಮ ಹೊಳ್ಯಾಗ ಅದಾನ್ರಿ. ಪೆಟ್ಟಿಗಿ ಮ್ಯಾಲೆ ಟವಲ್ ಐತಿ."

"ಟವಲ್ ಐತೇನ್ರಿ?" ಅಂದರು.

"ಐತ್ರಿ."

"ಹಂಗಾದ್ರ ನಾ ಹಾಕಂಗಿಲ್ಲ ಬಿಡ್ರಿ. ನೀವು ಹೇಳೋತನಕ ಹಾಕಂಗಿಲ್ಲ."

ಫೋನ್ ಇಟ್ಟು ನಾನು ಅಳುವುದಕ್ಕೆ ಶುರು ಮಾಡಿದೆ. ಆಫೀಸಿನಲ್ಲಿ ಎಲ್ಲರೆದುರಿಗೇ. ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಎಂಜಿನಿಯರಿಂಗ್ ಓದುವಾಗ ಮನುಷ್ಯನ ಮೈಯಲ್ಲಿ ಎಷ್ಟು ಕರೆಂಟ್ ಹರಿದರೆ ಹೃದಯ ನಿಲ್ಲುತ್ತದೆ ಅಂತ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ ಕೂಡ. ಒದ್ದೆ ಮೈಯಾದರೆ ಇನ್ನೂ ಕಡಿಮೆ ಸಾಕು. ಓದದವಳಾಗಿದ್ದರೆ ಬರೀ ಹೆದರುತ್ತಿದ್ದೆ, ಓದಿದ್ದರಿಂದ ಲೆಕ್ಕ ಸಮೇತ ಹೆದರಿದೆ. ಕಾಕಾ ಈಗ ಬದು ಇಳಿದಿರಬಹುದು, ಈಗ ಬೇವಿನ ಗಿಡದ ಹತ್ತಿರ ಬಂದಿರಬಹುದು ಅಂತ ಕಣ್ಣು ಮುಚ್ಚಿ ಆ ದಾರಿಯನ್ನು ಅವರ ಜೊತೆ ನಡೆದೆ. ಹೊಳೆಯಲ್ಲಿ ಈಗಾಗಲೇ ಏನಾದರೂ ಆಗಿಹೋಗಿದ್ದರೆ, ಕಾಲು ಜಾರಿದ್ದರೆ, ಅನ್ನುವುದೂ ತಲೆಗೆ ಬಂತು.

ಕಾಕಾ ಫೋನ್ ಮಾಡಿದರು. ಮಾತಿಗಿಂತ ಮೊದಲು ನಗು ಕೇಳಿಸಿತು.

"ನಿನ್ನ ತಮ್ಮ ಬೇವಿನ ಗಿಡದ ನೆಳ್ಳಾಗ ಅಂಗಾತ ಮಕ್ಕಂಡಾನವ್ವ. ಗೊರಕಿ ಹೊಡಿಯಾಕ ಹತ್ಯಾನ. ಎಬ್ಬಸ್ಲೇನು?"

"ಎಬ್ಬಸ್ರಿ. ಕಪಾಳಕ್ಕ ಒಂದ್ ಬಿಟ್ಟು ಎಬ್ಬಸ್ರಿ!"

ತಮ್ಮ ನಿದ್ದೆಗಣ್ಣಲ್ಲಿ ಕಾಕಾನ ಫೋನಿಗೆ ಬಂದ. ಕರೆಂಟ್ ಸಂಜೆಗೆ ತಾನೇ, ಇನ್ನೂ ಹೊತ್ತಿದೆ, ರೊಟ್ಟಿ ಉಂಡು ಒಂದು ನಿದ್ದೆ ತೆಗೆದು ಆಮೇಲೆ ಇಳಿಯೋಣ ಅಂತ ಮಲಗಿದ್ದನಂತೆ. ಅವನ ಫೋನು ಮನೆಯಲ್ಲಿ ಚಾರ್ಜಿಗಿತ್ತು. ಬದುಕಿದ್ದಾನೆ ಅನ್ನುವ ಸಂತೋಷ ಎಲ್ಲಿ ಹೋಯಿತೋ, ನನಗೆ ನೆತ್ತಿಗೇರಿದ್ದು ಸಿಟ್ಟು.

"ನೀರಿಗಿಳಿದಿಲ್ಲ ಅಂದ್ರ ಟವಲ್ ಯಾಕ ಹಾಕಿದ್ಯೋ, ಹಾಳಾದವನ?"

"ಅದಾ? ಅದು ದಿನಾ ಇರ್ತೈತಲ್ಲ ಅಕ್ಕಾ. ಬಿಸಿಲಿಗೆ ಪೆಟ್ಟಿಗಿ ಕಾದ್ರ ಒಳಗಿನ ಸಿಮ್ ಕೆಲಸ ಮಾಡವಲ್ದು. ನೆಳ್ಳಿಗಂತ ಹೊದಿಸೀನಿ."

ಮನುಷ್ಯನಿಗಾಗಿ ಇದ್ದ ಟವಲನ್ನು ಯಂತ್ರಕ್ಕೆ ಬಿಸಿಲು ತಾಗಬಾರದು ಅಂತ ಹೊದಿಸಿದ್ದ!

"ಹಂಗಾದ್ರ ನೀ ನೀರಿಗಿಳಿದಾಗ ಏನ್ ಹಾಕ್ತಿ?"

"ಪೆಟ್ಟಿಗಿನ ಫೋನಿನಿಂದ್ಲ ಬಂದ್ ಮಾಡಿ ಇಳೀತೀನಿ."

"ಆ ಫೋನ್ ಮನ್ಯಾಗ ಚಾರ್ಜಿಗೆ ಇಟ್ಟೀಯಲ್ಲೋ!"

ಅದಕ್ಕವನು ನಕ್ಕ.

ಸಬ್‌ಸ್ಟೇಷನ್ನಿಗೆ ಫೋನ್ ಮಾಡಿ ಹಾಕಿ ಅಂದೆ. ಅಷ್ಟರಲ್ಲಿ ಆ ಲೈನಿನ ರೈತರು ಆಪರೇಟರಿಗೆ ಫೋನ್ ಮಾಡಿ ಅವರ ಹುಟ್ಟನ್ನೇ ಜಾಲಾಡಿದ್ದರು. "ಆರಾಮ್ ಅದಾರಲ್ರಿ ನಿಮ್ಮ ತಮ್ಮಾರು? ಅಷ್ಟ ಸಾಕು ಬಿಡ್ರಿ," ಅಂದರು. ನಾನು ಟವಲಿನ ಸಂಗತಿ ಇದ್ದದ್ದು ಇದ್ದಂತೆ ಹೇಳಿದೆ. ಅವರು ನಗಲಿಲ್ಲ. "ಇನ್ನೊಮ್ಮಿ ಯಾರರ ಫೋನ್ ಮಾಡಿ ಟವಲ್ ಐತಿ ಅಂದ್ರ ನಾ ಏನ್ ತಿಳ್ಕೋಬೇಕ್ರಿ ಮೇಡಂ?" ಅಂತ ಕೇಳಿದರು.

ಆ ಭಾನುವಾರ ಊರಿಗೆ ಹೋದೆ. ಕಾಕಾನ ಬದುವಿನ ಮೇಲೆ ನಿಂತು ದಂಡೆ ನೋಡಿದೆ. ಕಣ್ಣು ಹಾಯುವವರೆಗೂ ಪೆಟ್ಟಿಗೆಗಳು, ಪ್ರತಿ ಪೆಟ್ಟಿಗೆಯ ಮೇಲೂ ಒಂದು ಟವಲು. ಕೆಂಪು, ಬಿಳಿ, ಅಂಚು ಹರಿದದ್ದು, ಒಂದೆರಡರ ಮೇಲೆ ಗೋಣಿಚೀಲ. ನಾನು ಹುಟ್ಟಿ ಬೆಳೆದ ಲೆಕ್ಕದಲ್ಲಿ ಅಲ್ಲಿ ಪ್ರತಿಯೊಬ್ಬರೂ ನೀರೊಳಗಿದ್ದರು. ಹೊಳೆಯಲ್ಲಿ ಒಂದು ಎಮ್ಮೆ ಬಿಟ್ಟರೆ ಯಾರೂ ಇರಲಿಲ್ಲ. ಟವಲು ದಿನಾ ಇರುತ್ತದೆ ಅಂತ ಅವತ್ತು ಯಾಕೆ ಹೇಳಲಿಲ್ಲ ಅಂದರೆ, "ಐತೇನು ಅಂತ ಕೇಳಿದಿ, ಐತಿ ಅಂದೆ" ಅಂದರು ಕಾಕಾ.

ಅವತ್ತೂ ಜಾಳಿಗೆ ಕಟ್ಟಿತ್ತು. ನಾನೇ ಪೆಟ್ಟಿಗೆ ತೆಗೆದು ಮೋಟಾರಿಗೆ ಹೋಗುವ ವೈರಿನ ಮೂರೂ ಫ್ಯೂಸ್ ಕಿತ್ತು ಕೈಯಲ್ಲಿ ಹಿಡಿದೆ. "ಈಗ ಇಳಿ" ಅಂದೆ. ತಮ್ಮ ಇಳಿದ. ಅವನ ತಲೆ ನೀರೊಳಗೆ ಹೋಗುವುದು, ಮತ್ತೆ ಬರುವುದು, ಉಗುಳಿ ಮತ್ತೆ ಹೋಗುವುದು ನೋಡುತ್ತಾ ನಿಂತೆ. ಅವನ ತಲೆ ಒಳಗಿದ್ದಾಗಲೇ ಕರೆಂಟ್ ಬಂದು ಪೆಟ್ಟಿಗೆಯೊಳಗಿನ ದೀಪ ಹತ್ತಿತು. ಟಕ್ ಅನ್ನುವ ಸದ್ದಾಯಿತು. ಮೋಟಾರು ಹಚ್ಚಲು ತನ್ನಿಂದ ಆಗುವುದನ್ನೆಲ್ಲ ಅದು ಮಾಡಿತು. ನಾನು ಫ್ಯೂಸ್‌ಗಳನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೆನೆಂದರೆ ಅಂಗೈಯಲ್ಲಿ ಅವುಗಳ ಗುರುತು ಮೂಡಿತ್ತು.

ಮೇಲೆ ಬಂದವನಿಗೆ ಆ ದೀಪ ತೋರಿಸಿದೆ. ಅವನ ಮುಖ ಕಪ್ಪಿಟ್ಟಿತು. ಬೈಯುವುದಕ್ಕೆ ಮನಸ್ಸಾಗಲಿಲ್ಲ.

"ಇಳಿಯಾಗ ಇವು ನಿನ್ನ ಕಿಸೆದಾಗ ಇರಬೇಕು," ಅಂದೆ.

"ನೀರಿಗಿಳಿಯಾಗ ಕಿಸೆ ಎಲ್ಲಿಂದ ತರ್ಲಿ ಅಕ್ಕಾ?" ಅಂದ. ಉಟ್ಟ ಚಡ್ಡಿ ತೋರಿಸಿ ನಕ್ಕ. ಕೊನೆಗೆ ಕಾಕಾ ಹೇಳಿದಂತೆ ಫ್ಯೂಸ್‌ಗಳನ್ನು ಒಂದು ಸಣ್ಣ ಚೀಲಕ್ಕೆ ಹಾಕಿ ಉಡಿದಾರಕ್ಕೆ ಕಟ್ಟಿಕೊಳ್ಳುವುದು ಅಂತ ಒಪ್ಪಿದ. ಜೊತೆಗೆ ನನ್ನದೊಂದು ಹಟ. ಇಳಿಯುವ ಮುಂಚೆ ನನಗೆ ಫೋನ್ ಮಾಡಿ "ಇಳೀತೀನಿ" ಅನ್ನಬೇಕು, ಬಂದ ಮೇಲೆ "ಬಂದೀನಿ" ಅನ್ನಬೇಕು. "ನನ್ನ ಕಡಿಂದ ಎಲ್‌ಸಿ ತಗೊಂಡು ಇಳಿ" ಅಂದೆ. ಅವನು ದೊಡ್ಡದಾಗಿ ಕೈ ಮುಗಿದು, "ಆತ್ರೀ ಎಂಜಿನೇರ್ ಸಾಹೇಬ್ರ" ಅಂದ. ಪೆಟ್ಟಿಗೆಗೆ ನೆರಳಿಗೆ ಅಂತ ಹಳೆಯ ತಗಡೊಂದನ್ನು ಬಗ್ಗಿಸಿ ಕಟ್ಟಿಸಿ, ಆ ಕೆಂಪು ಟವಲು ಬಿಡಿಸಿಕೊಂಡು ಬಂದೆ. ಉಳಿದವರ ಟವಲು ಹಾಗೇ ಇವೆ. ಹೇಳಿದೆ, "ಆತ್ರೀ ಅಕ್ಕಾರ" ಅಂದರು.

ಈಗ ತಮ್ಮ ಇಳಿಯುವಾಗ ತಪ್ಪದೆ ಫೋನ್ ಮಾಡುತ್ತಾನೆ. ಬಂದ ಮೇಲೆ ಮಾಡುವುದನ್ನು ಮರೆಯುತ್ತಾನೆ. ನೀರಿಗಿಳಿಯುವುದು ಅವನಿಗೆ ನೆನಪಿಡುವಂಥ ಕೆಲಸ, ಬದುಕಿ ಬರುವುದು ಮಾಮೂಲಿ. ಆ ಎರಡು ಫೋನಿನ ನಡುವೆ ನಾನು ಒಂದು ಕಾಗದಕ್ಕೂ ಸಹಿ ಹಾಕುವುದಿಲ್ಲ.

ಮೊನ್ನೆ "ಇಳೀತೀನಿ ಅಕ್ಕಾ" ಅಂದ. "ಫ್ಯೂಸ್?" ಅಂದೆ. "ಉಡದಾರಕ್ಕ ಅದಾವ" ಅಂದ. ಅದು ನಿಜವೋ, ನನ್ನ ಬಾಯಿ ಮುಚ್ಚಿಸಲು ಹೇಳಿದ್ದೋ, ಇಲ್ಲಿ ಕೂತವಳಿಗೆ ಹೇಗೆ ಗೊತ್ತಾಗಬೇಕು? ಕಾದೆ. "ಬಂದೀನಿ" ಅನ್ನುವ ಫೋನು ಬರಲಿಲ್ಲ. ಪೆಟ್ಟಿಗೆಯಿಂದ ಸಂದೇಶ ಬಂತು: "ಮೋಟಾರ್ ಚಾಲೂ ಆಗಿದೆ."

ಕುರ್ಚಿ ಯಾವಾಗ ಬಿಟ್ಟೆದ್ದೆನೋ ಗೊತ್ತಿಲ್ಲ. ಫೋನ್ ಹಚ್ಚಿದೆ. ರಿಂಗಾಗಿ ರಿಂಗಾಗಿ, ಇನ್ನೇನು ನಿಲ್ಲಬೇಕು ಅನ್ನುವಾಗ ಎತ್ತಿದ. ಹಿಂದೆ ನೀರು ಬೀಳುವ ಸದ್ದು. ನಾನು ಚೀರಿದೆ. ಏನೇನು ಬೈದೆನೋ, ಅವ್ವ ಇದ್ದಿದ್ದರೆ ಕಿವಿ ಮುಚ್ಚಿಕೊಳ್ಳುತ್ತಿದ್ದಳು.

ತಮ್ಮ ಸಮಾಧಾನದಿಂದ ಹೇಳಿದ: "ಮೋಟಾರ್ ಚಾಲೂ ಆಗೈತಿ ಅಂತ ಮೆಸೇಜ್ ಬಂತಿಲ್ಲ ಅಕ್ಕಾ? ಫ್ಯೂಸ್ ಹಾಕಿದ್ರ ತಾನೇ ಚಾಲೂ ಆಗೋದು? ಅಂದ್ರ ನಾ ಮ್ಯಾಲೆ ಬಂದೀನಿ ಅಂತ ನೀನ ತಿಳ್ಕೋಬೇಕು. ಮತ್ತ ಫೋನ್ ಯಾಕ ಅಂತ ಮಾಡ್ಲಿಲ್ಲ."

ಗೋಡೆಗೆ ಆತುಕೊಂಡು ಕೂತೆ.

"ಲೇ, ನೀ ಬಂದದ್ದು ಆ ಪೆಟ್ಟಿಗಿಗೆ ಗೊತ್ತಿಲ್ಲೋ. ನೀ ಹೇಳು."

"ಬಂದೀನಿ ಅಕ್ಕಾ."

"ಇನ್ನೊಮ್ಮಿ ಹೇಳು."

"ಬಂದೀನಿ. ದಂಡಿ ಮ್ಯಾಲೆ ಅದೀನಿ. ಮೈ ಒರಸ್ಕೊಳ್ಳಾಕ ಹತ್ತೀನಿ."